ಬೇಲಿಯೊಳಗಿನ ಸಿಂಹ ನೋಡಿ ಬಂದವರು

ಬೊರಿವಲಿ, ದಹಿಸರದ ಕನ್ನಡಿಗರ ಮನೆಗೆ ಊರಿಂದ ನೆಂಟರು ಬಂದರೆ ಒಂದು ಭಾನುವಾರ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಮೀಸಲು. ಜಾಲರಿ ಬಡಿದ ಸಫಾರಿ ಬಸ್ಸಿಗೆ ಟಿಕೆಟು, ಬೇಲಿಯೊಳಗೆ ಆಕಳಿಸುತ್ತಿರುವ ಸಿಂಹ, ಆಮೇಲೆ ಕಾನ್ಹೇರಿ ಗುಹೆಯ ಮೆಟ್ಟಿಲ ಮೇಲೆ ಒಂದು ಗ್ರೂಪ್ ಫೋಟೊ. ಸಂಜೆ ಚಹಾದ ಹೊತ್ತಿಗೆ ತೀರ್ಪು ಬರುತ್ತದೆ: ಕಾಡಲ್ಲಿ ಅಂಥದ್ದೇನೂ ಇಲ್ಲ ಮಾರಾಯ್ರೇ.

ಇದು ನೆಂಟರ ತಪ್ಪಲ್ಲ. ಅವರಿಗೆ ತೋರಿಸಿದ್ದೇ ಅಷ್ಟು. ಸಿಂಹ ಈ ಕಾಡಿನದ್ದಲ್ಲ, ಗುಜರಾತಿನದು. 2022ರಲ್ಲಿ ಜುನಾಗಢದ ಸಕ್ಕರ್‌ಬಾಗ್ ಮೃಗಾಲಯಕ್ಕೆ ಒಂದು ಜೋಡಿ ಹುಲಿ ಕೊಟ್ಟು ಅಲ್ಲಿಂದ ಒಂದು ಜೋಡಿ ಸಿಂಹ ತರಲಾಯಿತು. ಪಾತ್ರೆ ಅಂಗಡಿಯ ವಿನಿಮಯದ ಹಾಗೆ! ಮಕ್ಕಳಿಗೆ ದೊಡ್ಡ ಪ್ರಾಣಿ ತೋರಿಸಬೇಡವೇ ಎನ್ನುವವರಿಗೆ ಭಾಯಖಳಾದಲ್ಲಿ ರಾಣಿಬಾಗ್ ಇದೆ. ಅದು ತನ್ನನ್ನು ಮೃಗಾಲಯ ಎಂದೇ ಕರೆದುಕೊಳ್ಳುತ್ತದೆ, ಕಾಡೆಂದು ನಟಿಸುವುದಿಲ್ಲ.

ಈ ಕಾಡಿನ ನಿಜವಾದ ಒಡೆಯ ಚಿರತೆ. ಸುಮಾರು 104 ಚದರ ಕಿಲೋಮೀಟರಿನ ಈ ಗುಡ್ಡಗಾಡು ಮತ್ತು ಅದರ ಅಂಚಿನಲ್ಲಿ 2018ರ ಕ್ಯಾಮೆರಾ ಗಣತಿಗೆ 47 ಚಿರತೆಗಳು ಸಿಕ್ಕವು. ಕೋಟಿಗಟ್ಟಲೆ ಜನರ ಮಗ್ಗುಲಲ್ಲಿ ಅವು ಬದುಕಿವೆ, ಅದೂ ಬಹುಪಾಲು ನಮ್ಮ ಕಣ್ಣಿಗೆ ಬೀಳದೆ. ಅವು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತಿರಬಹುದು, ಅದರಿಂದ ನಾಯಿಕಡಿತವೂ ರೇಬೀಸ್ ಸಾವೂ ತಗ್ಗಿರಬಹುದು ಎಂದು ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಚಿರತೆ ಮನುಷ್ಯರನ್ನೂ ಕೊಂದಿದೆ, ನಿಜ. 2004ರ ಜೂನಿನ ಸಾಲು ಸಾಲು ಸಾವುಗಳನ್ನು ಮುಂಬಯಿ ಮರೆತಿಲ್ಲ. ಆದರೆ ಬೇರೆಡೆ ಬೋನಿಗೆ ಬಿದ್ದ ಚಿರತೆಗಳನ್ನು ತಂದು ಇಲ್ಲಿ ಬಿಡುತ್ತಿದ್ದ ಕಾಲವೂ ಅದೇ ಎಂಬುದನ್ನು ಮಾತ್ರ ಸಲೀಸಾಗಿ ಮರೆತಿದೆ.

ಚಿರತೆಯೊಡನೆ ಬಾಳುವುದನ್ನು ಬಲ್ಲವರು ಕಾಡಿನೊಳಗಿನ ಪಾಡಾಗಳ ವಾರ್ಲಿಗಳು. ಅವರಿಗೆ ಅದು ವಾಘೋಬಾ, ದೇವರು. ಪಿಲಿಚಾಮುಂಡಿಗೆ ಕೋಲ ಕೊಡುವ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ 1997ರ ಹೈಕೋರ್ಟ್ ಆದೇಶದ ನಂತರ ಈ ಆದಿವಾಸಿಗಳ ಮೇಲೂ ಅತಿಕ್ರಮಣದ ಹಣೆಪಟ್ಟಿ ಬಿತ್ತು. ಕಾಡಿನ ಗೋಡೆಗೊರಗಿ ನಿಂತ ಗಗನಚುಂಬಿಗಳು ಮಾತ್ರ ‘ಫಾರೆಸ್ಟ್ ವ್ಯೂ’ ಎಂದು ಹೆಚ್ಚು ಬೆಲೆಗೆ ಮಾರಾಟವಾಗುತ್ತವೆ. 2019ರ ಅಕ್ಟೋಬರಿನಲ್ಲಿ ಪಕ್ಕದ ಆರೇಯಲ್ಲಿ ಮೆಟ್ರೊ ಶೆಡ್ಡಿಗಾಗಿ ರಾತ್ರೋರಾತ್ರಿ ಕೊಡಲಿ ಬಿದ್ದು, ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು. 2024ರ ಜುಲೈಯಲ್ಲಿ ಉದ್ಯಾನದ ಅಡಿಯಲ್ಲೇ ಹಾದುಹೋಗುವ ಠಾಣೆ–ಬೊರಿವಲಿ ಸುರಂಗಕ್ಕೆ ಭೂಮಿಪೂಜೆಯಾಯಿತು. ಅತಿಕ್ರಮಣ ಎಂಬ ಪದವನ್ನು ಅಲ್ಲಿ ಯಾರೂ ಬಳಸಲಿಲ್ಲ.

ಕಾನ್ಹೇರಿಯ ಮಾತೂ ಇದೆ. ಕರಿಕಲ್ಲಿನ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಅವುಗಳ ಬದಿಯಲ್ಲಿ ಬಂಡೆಯಲ್ಲೇ ಕೊರೆದ ಕಾಲುವೆ, ನೀರಿನ ತೊಟ್ಟಿ. ಮುಂಬಯಿಯ ಮಳೆಯನ್ನು ಹಿಡಿದಿಟ್ಟು ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಇಲ್ಲಿ ಬಾಳಿದರು. ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಕೃಷ್ಣಗಿರಿಯ ವಿಹಾರಕ್ಕೆ ಕೊಟ್ಟ ದಾನದ ಲೆಕ್ಕವಿದೆ. ‘ಕವಿರಾಜಮಾರ್ಗ’ದ ನೃಪತುಂಗನೇ ಈತ. ರಾಜ್ಯೋತ್ಸವಕ್ಕೆ ಆ ಹೆಸರನ್ನು ಕಂಠಪಾಠ ಒಪ್ಪಿಸುವ ಮುಂಬಯಿ ಕನ್ನಡಿಗರು ಅದೇ ಗುಹೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಸಫಾರಿ ನಿಲ್ಲಲಿ. ಆ ಹಣದಲ್ಲಿ ವಾರ್ಲಿ ಹುಡುಗ ಹುಡುಗಿಯರಿಗೆ ಮಾರ್ಗದರ್ಶಕರ ಕೆಲಸ, ಸಂಬಳ ಸಿಗಲಿ. ಹತ್ತೇ ಜನರ ತಂಡ, ಬೆಳಗಿನ ಏಳು ಗಂಟೆ, ಕೆಸರಿನ ದಾರಿ. ಹೆಜ್ಜೆಗುರುತು ಯಾವುದು ನಾಯಿಯದು, ಯಾವುದು ಚಿರತೆಯದು ಎಂದು ನೆಂಟರಿಗೆ ಅವರೇ ತೋರಿಸುತ್ತಾರೆ.