ಮುಖ ನೋಡಿ ಬೆಲೆ

ಮುಖ ನೋಡಿ ಮಣೆ ಹಾಕುವುದು ಸಜ್ಜನಿಕೆಯಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಮುಖ ನೋಡಿ ಬೆಲೆ ಹೇಳುವುದಾದರೋ ಇಂದು ವ್ಯಾಪಾರದ ಒಂದು ಕಲೆಯಾಗಿ ಬೆಳೆದಿದೆ. ಅದೇ ಹೋಟೆಲು, ಅದೇ ಕೋಣೆ, ಅದೇ ಏಳು ದಿನಗಳ ವಿಹಾರ. ಆದರೆ ಗಿರಾಕಿ ಯಾವ ದೇಶದ ಜಾಲತಾಣದಲ್ಲಿ ಕೊಳ್ಳುತ್ತಾನೆಂಬುದನ್ನು ಅನುಸರಿಸಿ ಬೆಲೆ ಏರಿಳಿಯಬಹುದು. ಈ ಗುಟ್ಟನ್ನರಿತ ಬ್ರಿಟನ್ನಿನ ಕೆಲವು ಪ್ರವಾಸಿಗಳು ಸ್ವದೇಶದ ಸಂಸ್ಥೆಗಳನ್ನು ಬಿಟ್ಟು, ಜರ್ಮನಿಯೇ ಮೊದಲಾದ ನೆರೆನಾಡುಗಳ ಜಾಲತಾಣಗಳಲ್ಲಿ ಪ್ರವಾಸ ಕಾದಿರಿಸಿ ಹಣ ಉಳಿಸುವ ಮಾರ್ಗ ಹಿಡಿದರು.

ಅವರನ್ನು ಜಿಪುಣರೆಂದು ಹಳಿಯುವುದು ನ್ಯಾಯವಲ್ಲ. ಪ್ಯಾರಿಸ್ಸಿನ ಡಿಸ್ನಿಲ್ಯಾಂಡಿನ ಒಂದೇ ಬಗೆಯ ಪ್ರವಾಸಕ್ಕೆ ಫ್ರೆಂಚರಿಗೆ 1,346 ಯೂರೋ, ಜರ್ಮನರಿಗೆ 2,447 ಯೂರೋ ಬೆಲೆಯಿದ್ದಿತೆಂದು 2015ರಲ್ಲಿ ಪತ್ರಿಕೆಗಳು ವರದಿ ಮಾಡಿದಾಗ ಯೂರೋಪಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ವಾಸಸ್ಥಳದ ಕಾರಣದಿಂದ ಗಿರಾಕಿಯನ್ನು ಬಾಗಿಲಿನಿಂದ ಹಿಂದಿರುಗಿಸಬಾರದೆಂಬ ಐರೋಪ್ಯ ಒಕ್ಕೂಟದ ನಿಯಮ 2018ರ ಡಿಸೆಂಬರ್ 3ರಿಂದ ಜಾರಿಗೆ ಬಂದಿತು. ಆದರೆ ವಿಮಾನ, ರೈಲು ಮೊದಲಾದ ಸಾರಿಗೆ ಸೇವೆಗಳು ಅದರ ಹೊರಗುಳಿದವು. ಒಕ್ಕೂಟವನ್ನು ತೊರೆದ ಬ್ರಿಟನ್ನಿಗೆ 2021ರಿಂದ ಆ ನಿಯಮದ ಆಸರೆಯೂ ಇಲ್ಲವಾಯಿತು.

ಆದರೂ ದೂರದ ಬೆಟ್ಟ ನುಣ್ಣಗೆ ಕಾಣುವುದೆಂಬುದನ್ನು ಮರೆಯಲಾಗದು. ಪ್ರವಾಸವೆಂಬುದು ಇಂದು ಹಣ ಕೊಟ್ಟು ನಾಳೆ ಪಡೆಯುವ ವಸ್ತು. ನಡುವೆ ಅಂಗಡಿಯೇ ಮುಚ್ಚಿದರೆ ಗತಿಯೇನು? 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ ಮುಳುಗಿದಾಗ ಅದರ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಗಿರಾಕಿಗಳು ಹೊರನಾಡುಗಳಲ್ಲಿದ್ದರು. ಅವರನ್ನು ಮನೆಗೆ ತಲಪಿಸುವ ಭಾರವನ್ನು ಅಲ್ಲಿಯ ವಿಮಾನಯಾನ ಪ್ರಾಧಿಕಾರ ಹೊತ್ತಿತು. ಪ್ರವಾಸಿಗಳ ರಕ್ಷಣೆಗೆಂದು 1973ರಿಂದ ಇರುವ 'ಅಟಾಲ್' ವ್ಯವಸ್ಥೆಯ ಬೆನ್ನಾಸರೆ ಅದಕ್ಕಿದ್ದಿತು. ಅದೇ ಸಂಸ್ಥೆಯ ಜರ್ಮನ್ ಶಾಖೆಯೂ ಎರಡೇ ದಿನಗಳಲ್ಲಿ ಕುಸಿಯಿತು. ಅಲ್ಲಿಯ ವಿಮೆಯ ಮಿತಿ 11 ಕೋಟಿ ಯೂರೋ; ಗಿರಾಕಿಗಳ ನಷ್ಟಕ್ಕೆ ಅದು ಸಾಲದೆ, ಉಳಿದುದನ್ನು ಸರ್ಕಾರವೇ ತುಂಬಿಕೊಡುವುದಾಗಿ ಡಿಸೆಂಬರಿನಲ್ಲಿ ಘೋಷಿಸಬೇಕಾಯಿತು. ಅನ್ಯದೇಶದ ಬೆಲೆಯನ್ನು ಕೊಳ್ಳುವವನು ಅನ್ಯದೇಶದ ರಕ್ಷಣೆಯನ್ನೂ, ಅದರ ಕುಂದುಗಳನ್ನೂ ಕೂಡಿಯೇ ಕೊಳ್ಳುತ್ತಾನೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ನಾಡೂ ಈ ಭೇದಕ್ಕೆ ಹೊರತಲ್ಲ. 2018ರಲ್ಲಿ ಪರಿಷ್ಕರಿಸಿದ ದರದಂತೆ ಹಂಪೆಯ ಸ್ಮಾರಕಗಳಿಗೆ ಭಾರತೀಯನಿಗೆ 40 ರೂಪಾಯಿ, ವಿದೇಶೀಯನಿಗೆ 600 ರೂಪಾಯಿ. ಇದು ಸರಿಯೇ ತಪ್ಪೇ ಎಂಬ ವಾದವಿರಲಿ; ಅಲ್ಲಿ ದರವನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಬರೆದು ತೂಗುಹಾಕಿದೆ. ಜಾಲತಾಣದ ಅಂಗಡಿಯಲ್ಲಾದರೋ ಪಕ್ಕದವನು ಕೊಟ್ಟ ಬೆಲೆ ನಮಗೆ ಕಾಣದು. ನಮ್ಮ ಆಕ್ಷೇಪಣೆ ಬೆಲೆಯ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಅದರ ಮರೆಗೆ.

ವಿದೇಶಯಾತ್ರೆಗೆ ಹೊರಡುವ ಕನ್ನಡಿಗರೂ ಇಂದು ಇಂತಹ ತಾಣಗಳನ್ನು ತಡಕುತ್ತಾರೆ. ತಡಕಲಿ, ವಿವೇಕಿಯಾದ ಗೃಹಸ್ಥನು ನಾಲ್ಕು ಅಂಗಡಿ ತಿರುಗಿಯೇ ಕೊಳ್ಳುತ್ತಾನೆ. ಆದರೆ ಹಣ ತೆರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ವಿದೇಶೀ ನಾಣ್ಯದಲ್ಲಿ ಕಾರ್ಡಿನಿಂದ ಪಾವತಿ ಮಾಡಿದರೆ ಬ್ಯಾಂಕು ಹಿಡಿಯುವ ಶುಲ್ಕವೆಷ್ಟು? ಯಾತ್ರೆ ರದ್ದಾದರೆ ಹಣ ಹಿಂದಿರುಗಿಸುವ ಷರತ್ತು ಯಾವ ಭಾಷೆಯಲ್ಲಿದೆ? ವ್ಯಾಜ್ಯವೆದ್ದರೆ ಯಾವ ದೇಶದ ನ್ಯಾಯಾಲಯದ ಮೆಟ್ಟಿಲೇರಬೇಕು? ಇವುಗಳ ಉತ್ತರವನ್ನು ಕಳೆದು ಉಳಿದುದೇ ನಿಜವಾದ ಉಳಿತಾಯ.