ಬೆಳಗಿನ ಶುಗರ್ ಎಲ್ಲಿಂದ ಬಂತು?

ಖಾಲಿ ಹೊಟ್ಟೆಯ ಶುಗರ್ ರಿಪೋರ್ಟ್ ಕೈಗೆ ಬಂದ ತಕ್ಷಣ ಅಜ್ಜಂಪುರ, ತರೀಕೆರೆ, ಕಡೂರಿನ ಮನೆಗಳಲ್ಲಿ ತಪ್ಪು ಬೀಳುವುದು ರಾತ್ರಿಯ ಊಟದ ಮೇಲೆ. ‘ಒಂದೇ ಮುದ್ದೆ ಉಂಡೆ, ಆದರೂ ಇಷ್ಟಾಗಿದೆ’ ಎನ್ನುವವರ ಸಂಕಟ ನಿಜವಾದದ್ದು. ಆದರೆ ಅವರು ಕೊಡುವ ತೀರ್ಪನ್ನು ಒಪ್ಪಲು ನನಗೆ ಆಗುವುದಿಲ್ಲ. ರಾತ್ರಿ ಎಂಟಕ್ಕೆ ಉಂಡದ್ದು ಬೆಳಗಾಗುವಷ್ಟರಲ್ಲಿ ಬಹುಪಾಲು ಅರಗಿರುತ್ತದೆ. ಆಗ ರಕ್ತದಲ್ಲಿರುವ ಸಕ್ಕರೆಯ ದೊಡ್ಡ ಪಾಲು ಲಿವರ್ ಹೊರಬಿಟ್ಟದ್ದು.

ನಂಬಿಕೆ ಬಾರದಿದ್ದರೆ ಅಜ್ಜಂಪುರದ ಅಮೃತಮಹಲ್ ಕೇಂದ್ರದ ಹಸುಗಳನ್ನು ನೋಡಿ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಿಂದ ಬೆಳೆದು ಬಂದ, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ತಳಿ ಅದು. ಅವು ಮೇಯುವುದು ಕಾವಲಿನ ಹುಲ್ಲು. ಹಸುವಿನ ಕರುಳಿನಿಂದ ರಕ್ತಕ್ಕೆ ಸೇರುವ ಸಕ್ಕರೆ ಅತ್ಯಲ್ಪ. ಹೊಟ್ಟೆಯಲ್ಲಿ ಹುಲ್ಲು ಹುದುಗಿ ಹುಟ್ಟುವ ಪ್ರೊಪಿಯಾನಿಕ್ ಆಮ್ಲವನ್ನು ಮುಖ್ಯವಾಗಿ ಬಳಸಿ, ಬೇಕಾದ ಗ್ಲೂಕೋಸನ್ನು ಲಿವರೇ ತಯಾರಿಸುತ್ತದೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಮೇಲೆ ಅದರ ಇನ್ಸುಲಿನ್ ಇಳಿಯುತ್ತದೆ, ಮೈಯ ಕೊಬ್ಬು ಕರಗಿ ಲಿವರ್‌ಗೆ ನುಗ್ಗುತ್ತದೆ. ಇದು ಅತಿಯಾದರೆ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕೀಟೋಸಿಸ್ ಎಂದು ಗುರುತಿಸುವ ಪಶುವೈದ್ಯರು ಗ್ಲೂಕೋಸ್ ಏರಿಸುವಾಗ ಲಿವರ್‌ನ ಲೆಕ್ಕವನ್ನೂ ಹಾಕುತ್ತಾರೆ. ಆ ಹಸು ಸಾಕಿದ ಮನೆಯವರ ಶುಗರ್ ಏರಿದರೆ ಮಾತು ಮೇದೋಜೀರಕಕ್ಕೂ ಮುದ್ದೆಗೂ ನಿಂತುಬಿಡುತ್ತದೆ.

ಮೇದೋಜೀರಕದ ಪಾತ್ರ ದೊಡ್ಡದೇ. ಆದರೆ ಅದು ಸ್ರವಿಸುವ ಇನ್ಸುಲಿನ್ ಮೊದಲು ಸೇರುವುದು ಲಿವರ್ ಅನ್ನು. ಅದರಲ್ಲಿ ಸುಮಾರು ಅರ್ಧ ಅಲ್ಲೇ ಖರ್ಚಾಗುತ್ತದೆ. ‘ಸಕ್ಕರೆ ಬಿಡಬೇಡ’ ಎಂಬ ಆಜ್ಞೆಯನ್ನು ಕೊಬ್ಬು ತುಂಬಿದ ಲಿವರ್ ಸರಿಯಾಗಿ ಪಾಲಿಸುವುದಿಲ್ಲ. ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿದು ವರ್ಷಗಟ್ಟಲೆ ದಣಿಯುತ್ತದೆ. ಥೈರಾಯ್ಡ್ ಹಾರ್ಮೋನನ್ನು ಚುರುಕಾದ ರೂಪಕ್ಕೆ ತರುವುದರಲ್ಲಿ, ಮಕ್ಕಳ ಬೆಳವಣಿಗೆಗೆ ಬೇಕಾದ ಐಜಿಎಫ್-1 ತಯಾರಿಸುವುದರಲ್ಲಿ, ಲೈಂಗಿಕ ಹಾರ್ಮೋನುಗಳನ್ನು ಹೊತ್ತೊಯ್ಯುವ ಪ್ರೋಟೀನು ಮಾಡುವುದರಲ್ಲಿಯೂ ಲಿವರ್‌ಗೆ ಪಾಲಿದೆ. ಇಷ್ಟು ಕೆಲಸವಿರುವ ಅಂಗವನ್ನು ಕಾಮಾಲೆ ಬಂದಾಗ ಮಾತ್ರ ನೆನೆಯುತ್ತೇವೆ.

‘ನಾನು ಕುಡಿಯುವವನಲ್ಲ, ದಪ್ಪವೂ ಇಲ್ಲ’ ಎಂಬ ಮಾತಿಗೂ ಉತ್ತರ ಕೊಡಬೇಕು. ಕುಡಿತ ಲಿವರ್ ಹಾಳುಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಕುಡಿಯದವರಲ್ಲೂ ಲಿವರ್‌ಗೆ ಕೊಬ್ಬು ಸೇರುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಅಳೆದು ತೋರಿಸಿದರು: ಇಬ್ಬರ ಬಿಎಂಐ ಒಂದೇ, 22.3. ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ 9.1 ಶೇಕಡಾ, ಯಾಜ್ಞಿಕರಲ್ಲಿ 21.2. ತೆಳ್ಳಗಿರುವುದು ನಮಗೆ ರಕ್ಷಣೆಯಲ್ಲ. ಕೇಂದ್ರ ಸರ್ಕಾರವೂ 2021ರಲ್ಲಿ ಮದ್ಯದಿಂದ ಬಾರದ ಕೊಬ್ಬಿನ ಲಿವರ್ ಕಾಯಿಲೆಯನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಸ್ಕ್ಯಾನ್ ವರದಿಯಲ್ಲಿ ಲಿವರ್ ಕೊಬ್ಬು ‘ಗ್ರೇಡ್ ಒನ್’ ಎಂದಿದ್ದರೆ ‘ಅದು ಎಲ್ಲರಿಗೂ ಇರುತ್ತದೆ’ ಎಂದು ಮಡಚಿಡುವವರನ್ನು ನಾನು ಬಲ್ಲೆ. ಆ ಹಂತದಲ್ಲೇ ಇದನ್ನು ಹಿಂದಕ್ಕೆ ತಿರುಗಿಸುವುದು ಸುಲಭ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 600 ಕ್ಯಾಲೊರಿ ಆಹಾರದಲ್ಲಿದ್ದ 11 ಮಧುಮೇಹಿಗಳ ಲಿವರ್ ಕೊಬ್ಬು ಒಂದೇ ವಾರದಲ್ಲಿ ಸುಮಾರು 30 ಶೇಕಡಾ ಇಳಿಯಿತು. ಅವರ ಬೆಳಗಿನ ಶುಗರ್‌ನ ಸರಾಸರಿಯೂ ಸಹಜ ಮಟ್ಟಕ್ಕೆ ಬಂತು. ಸಣ್ಣ ಅಧ್ಯಯನ, ಕಠಿಣ ಪಥ್ಯ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು. ಆದರೆ ಬೆಳಗಿನ ಸಕ್ಕರೆಯ ಕೀಲಿ ಎಲ್ಲಿದೆ ಎಂಬುದು ಅಲ್ಲಿ ಕಂಡಿತು. ಲಿವರ್ ತೊಳೆಯುತ್ತೇವೆಂದು ಮಾರುವ ಸಿರಪ್ಪುಗಳಿಂದ ಇಂಥ ಫಲ ಬಾರದು.

ಅಡಿಕೆ ತೋಟ, ಈರುಳ್ಳಿ ಹೊಲದ ಕೆಲಸ ಕಡಿಮೆಯಾಗಿ ಬೈಕಿನ ಓಡಾಟ ಹೆಚ್ಚಿದ ಊರುಗಳು ನಮ್ಮವು. ಮುಂದಿನ ಸಲ ಶುಗರ್ ಪರೀಕ್ಷೆಗೆ ಹೋದಾಗ ಸೊಂಟದ ಸುತ್ತಳತೆಯನ್ನೂ ತೆಗೆಸಿ. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ‘ನನ್ನ ಲಿವರ್ ಹೇಗಿದೆ?’