ಅಸೆಂಬ್ಲಿ ಭಾಷೆಯ ಕಾಲ ಮುಗಿಯಿತೇ? ‘ನ್ಯಾಸ್ಮ್’ ಕಲಿಯುವವರಿಗೆ ನಿಜವಾದ ನೆರವು ಎಲ್ಲಿ ಸಿಗುತ್ತದೆ?

ಅಸೆಂಬ್ಲಿ ಭಾಷೆಯ ಬಗ್ಗೆ ಎರಡು ಬಗೆಯ ಮಾತುಗಳು ಫಾರ್ವರ್ಡ್ ಆಗುತ್ತಿರುತ್ತವೆ. ಒಂದು, ‘ಅಸೆಂಬ್ಲಿ ಸತ್ತು ಎಷ್ಟೋ ವರ್ಷವಾಯಿತು, ಅದನ್ನು ಕಲಿಯುವುದು ಟೈಮ್ ವೇಸ್ಟ್’ ಎನ್ನುವುದು. ಇನ್ನೊಂದು ಇದಕ್ಕೆ ತದ್ವಿರುದ್ಧ: ‘ಅಸೆಂಬ್ಲಿಯಲ್ಲಿ ಬರೆದರೆ ಸಾಫ್ಟ್‌ವೇರ್ ನೂರು ಪಟ್ಟು ವೇಗವಾಗುತ್ತದೆ’. ಎರಡರಲ್ಲೂ ಪೂರ್ತಿ ಸತ್ಯವಿಲ್ಲ. ಇವುಗಳ ನಡುವೆ ಗೊಂದಲಕ್ಕೆ ಬೀಳುವವರು ಈಗಷ್ಟೇ ಕಲಿಯಲು ಕೂತ ವಿದ್ಯಾರ್ಥಿಗಳು. ಎಲ್ಲಿಂದಲೋ ಸಿಕ್ಕ ಕೋಡ್ ಓಡುವುದಿಲ್ಲ, ಕಾರಣ ಗೊತ್ತಾಗುವುದಿಲ್ಲ, ಕೊನೆಗೆ ‘ಇದು ನಮ್ಮಂಥವರಿಗಲ್ಲ’ ಎಂದು ಕೈಬಿಡುತ್ತಾರೆ. ಹಾಗೆ ಕೈಬಿಡುವ ಅಗತ್ಯವಿಲ್ಲ. ಇಂದು ಹೆಚ್ಚು ಬಳಕೆಯಲ್ಲಿರುವ ಉಚಿತ ಅಸೆಂಬ್ಲರ್‌ಗಳಲ್ಲಿ ಒಂದಾದ ‘ನ್ಯಾಸ್ಮ್’ ಅನ್ನು ಇಟ್ಟುಕೊಂಡು ವಿಷಯವೇನೆಂದು ನೋಡೋಣ.

ಅಸೆಂಬ್ಲರ್ ಎಂದರೇನು?

ಪ್ರೊಸೆಸರ್‌ಗೆ ಅರ್ಥವಾಗುವುದು ಸಂಖ್ಯೆಗಳ ರೂಪದ ಆದೇಶಗಳು ಮಾತ್ರ. ಅದಕ್ಕೆ ಮೆಷಿನ್ ಕೋಡ್ ಎನ್ನುತ್ತೇವೆ. ಆ ಸಂಖ್ಯೆಗಳನ್ನು ಮನುಷ್ಯರು ನೆನಪಿಟ್ಟುಕೊಳ್ಳುವುದು ಕಷ್ಟ. ಹಾಗಾಗಿ ಒಂದೊಂದು ಆದೇಶಕ್ಕೂ ‘ಮೂವ್’, ‘ಆ್ಯಡ್’, ‘ಜಂಪ್’ ಎಂಬಂಥ ಚಿಕ್ಕ ಹೆಸರು ಕೊಟ್ಟರು. ಇದೇ ಅಸೆಂಬ್ಲಿ ಭಾಷೆ. ಈ ಹೆಸರುಗಳನ್ನು ಮತ್ತೆ ಸಂಖ್ಯೆಗಳಿಗೆ ತಿರುಗಿಸುವ ಸಾಫ್ಟ್‌ವೇರ್ ಅಸೆಂಬ್ಲರ್.

ಸಿ ಅಥವಾ ಪೈಥಾನ್‌ನಲ್ಲಿ ಬರೆಯುವುದು ಅಡುಗೆಯವರಿಗೆ ‘ಉಪ್ಪಿಟ್ಟು ಮಾಡಿ’ ಎಂದು ಹೇಳಿದಂತೆ. ಅಸೆಂಬ್ಲಿಯಲ್ಲಿ ಬಾಣಲೆ ಇಡುವುದರಿಂದ ಹಿಡಿದು ಸಾಸಿವೆ ಸಿಡಿಸುವ ತನಕ ಪ್ರತಿಯೊಂದನ್ನೂ ನಾವೇ ಹೇಳಬೇಕು.

ನ್ಯಾಸ್ಮ್ ಹುಟ್ಟಿದ್ದು ಯಾಕೆ?

1990ರ ದಶಕದಲ್ಲಿ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಿಗೆ, ಅಂದರೆ ‘ಎಕ್ಸ್86’ ಚಿಪ್‌ಗಳಿಗೆ, ಒಳ್ಳೆಯ ಉಚಿತ ಅಸೆಂಬ್ಲರ್ ಇರಲಿಲ್ಲ. ಮೈಕ್ರೋಸಾಫ್ಟ್‌ನ ‘ಮ್ಯಾಸ್ಮ್’ ಇತ್ತು, ಆದರೆ ಅದಕ್ಕೆ ದುಡ್ಡು ಕೊಡಬೇಕಿತ್ತು. ಲಿನಕ್ಸ್‌ನಲ್ಲಿ ಗ್ನೂ ಅಸೆಂಬ್ಲರ್ ಇತ್ತು. ಆದರೆ ಅದು ಮುಖ್ಯವಾಗಿ ಕಂಪೈಲರ್ ಬರೆದ ಕೋಡನ್ನು ತಿರುಗಿಸಲು ಮಾಡಿದ್ದು, ಮನುಷ್ಯರು ಕೂತು ಬರೆಯಲಿ ಎಂದಲ್ಲ. ಈ ಕೊರತೆ ನೀಗಿಸಲು ಸೈಮನ್ ಟ್ಯಾಥಮ್ ಮತ್ತು ಜೂಲಿಯನ್ ಹಾಲ್ 1996ರಲ್ಲಿ ನ್ಯಾಸ್ಮ್ ಹೊರತಂದರು. ‘ಪುಟ್ಟಿ’ ಎಂಬ ಹೆಸರಾಂತ ಸಾಫ್ಟ್‌ವೇರ್ ಬರೆದವರೂ ಇದೇ ಟ್ಯಾಥಮ್. ಮುಂದೆ ಲಿನಕ್ಸ್ ಕರ್ನಲ್‌ನಲ್ಲಿ ಹೆಸರು ಮಾಡಿದ ಹೆಚ್. ಪೀಟರ್ ಆ್ಯನ್ವಿನ್ ಮತ್ತು ಇತರರು ಇದರ ಜವಾಬ್ದಾರಿ ಹೊತ್ತರು. 2007ರ 2.00 ಆವೃತ್ತಿಯಲ್ಲಿ 64 ಬಿಟ್ ಬೆಂಬಲ ಬಂತು. 2009ರಲ್ಲಿ ಲೈಸೆನ್ಸ್ ಇನ್ನಷ್ಟು ಸಡಿಲವಾಯಿತು: ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು.

ಆದ್ದರಿಂದ ಇದು ನೆನಪಿರಲಿ: ನ್ಯಾಸ್ಮ್‌ಗೆ ದುಡ್ಡು ಕೊಡಬೇಕಾಗಿಲ್ಲ. ‘ಫುಲ್ ವರ್ಷನ್’, ‘ಕ್ರ್ಯಾಕ್ ಮಾಡಿದ ವರ್ಷನ್’ ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತಬೇಡಿ. ಉಚಿತವಾಗಿ ಸಿಗುವ ವಸ್ತುವಿಗೆ ಕ್ರ್ಯಾಕ್ ಯಾಕೆ ಬೇಕು?

ಅಸೆಂಬ್ಲಿ ನಿಜವಾಗಿಯೂ ಸತ್ತಿದೆಯೇ?

ಇಲ್ಲ. ಪೂರ್ತಿ ಸಾಫ್ಟ್‌ವೇರನ್ನು ಅಸೆಂಬ್ಲಿಯಲ್ಲೇ ಬರೆಯುವ ಕಾಲ ಹೋಗಿದೆ ಎನ್ನುವುದು ಮಾತ್ರ ನಿಜ. ಅತಿ ವೇಗ ಬೇಕಾದ ಚಿಕ್ಕ ಚಿಕ್ಕ ಭಾಗಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ.

ವಿಡಿಯೋ ತೋರಿಸುವ, ಬದಲಿಸುವ ಕೆಲಸದಲ್ಲಿ ಜಗತ್ತಿನಾದ್ಯಂತ ಬಳಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಕೈಯಿಂದ ಬರೆದ ಅಸೆಂಬ್ಲಿ ಇದೆ. ಎವಿ1 ಎಂಬ ಹೊಸ ಮಾದರಿಯ ವಿಡಿಯೋ ಬಿಚ್ಚುವ ‘ಡೇವಿಡ್’ ಎಂಬ ಸಾಫ್ಟ್‌ವೇರ್ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳ ಒಳಗಿದೆ. ಅದರಲ್ಲಿ ಸಿ ಕೋಡ್‌ಗಿಂತ ಅಸೆಂಬ್ಲಿ ಸಾಲುಗಳೇ ಹಲವು ಪಟ್ಟು ಹೆಚ್ಚು. ಫೋಟೋಗಳನ್ನು ಬಿಚ್ಚುವ ‘ಲಿಬ್‌ಜೆಪೆಗ್-ಟರ್ಬೊ’ದಲ್ಲೂ, ಇಂಟರ್‌ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ‘ಓಪನ್‌ಎಸ್‌ಎಸ್‌ಎಲ್’ನಲ್ಲೂ ಇದೇ ಕಥೆ. ಇವುಗಳ ಎಕ್ಸ್86 ಅಸೆಂಬ್ಲಿ ಭಾಗವನ್ನು ಕಟ್ಟುವಾಗ ನ್ಯಾಸ್ಮ್ ಕೆಲಸಕ್ಕೆ ಬರುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಂತೂ ವಿಂಡೋಸ್‌ಗಾಗಿ ಕಟ್ಟುವವರು ನ್ಯಾಸ್ಮ್ ಇಟ್ಟುಕೊಂಡಿರಬೇಕು.

ಹಾಗಾದರೆ ‘ನೂರು ಪಟ್ಟು ವೇಗ’ ಸುಳ್ಳೇ?

ಇದರ ಮೂಲ ಎಫ್‌ಎಫ್‌ಎಂಪೆಗ್ ತಂಡ 2025ರ ಜುಲೈನಲ್ಲಿ ಹೇಳಿದ ಮಾತು. ವಿಡಿಯೋದ ಬಣ್ಣಗಳ ವ್ಯಾಪ್ತಿ ಪತ್ತೆಹಚ್ಚುವ ಒಂದು ಫಂಕ್ಷನ್ ಅನ್ನು ಅಸೆಂಬ್ಲಿಯಲ್ಲಿ ಬರೆದಾಗ ಅದು ಸುಮಾರು ನೂರು ಪಟ್ಟು ವೇಗವಾಯಿತು. ಅದು ಒಂದೇ ಫಂಕ್ಷನ್, ಇಡೀ ಎಫ್‌ಎಫ್‌ಎಂಪೆಗ್ ಅಲ್ಲ ಎಂದು ತಂಡವೇ ಸ್ಪಷ್ಟವಾಗಿ ಹೇಳಿತ್ತು. ಸುದ್ದಿ ಕೈಯಿಂದ ಕೈಗೆ ದಾಟುವಾಗ ಆ ಎರಡನೇ ಭಾಗ ಬಿದ್ದುಹೋಯಿತು.

ವೇಗ ಬಂದದ್ದು ಹೇಗೆ? ಎವಿಎಕ್ಸ್-512 ಎಂಬ ಆದೇಶಗಳ ಗುಂಪು 512 ಬಿಟ್, ಅಂದರೆ 64 ಬೈಟ್‌ಗಳನ್ನು ಒಟ್ಟಿಗೆ ಸಂಸ್ಕರಿಸುತ್ತದೆ. ಒಂದೊಂದೇ ಪಿಕ್ಸೆಲ್ ನೋಡುವ ಬದಲು 64ನ್ನು ಒಮ್ಮೆಗೇ ನೋಡಿದಂತೆ. ಎಲ್ಲ ಕೆಲಸವನ್ನೂ ಹೀಗೆ ಸಾಲಾಗಿ ಜೋಡಿಸಲು ಆಗುವುದಿಲ್ಲ. ಹೋಲಿಕೆಗೆ ಇಟ್ಟ ಸಿ ಕೋಡನ್ನು ಕಂಪೈಲರ್ ಎಷ್ಟು ಚುರುಕುಗೊಳಿಸಿತ್ತು ಎಂಬುದರ ಮೇಲೂ ಈ ಪಟ್ಟು ಲೆಕ್ಕ ಬದಲಾಗುತ್ತದೆ.

ನಾವೇ ಒಂದು ಲೆಕ್ಕ ಹಾಕೋಣ. ಒಂದು ಕೆಲಸಕ್ಕೆ 100 ಸೆಕೆಂಡ್ ಬೇಕು, ಅದರಲ್ಲಿ ಒಂದು ಫಂಕ್ಷನ್ 1 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಆ ಫಂಕ್ಷನ್ ನೂರು ಪಟ್ಟು ವೇಗವಾದರೂ ಒಟ್ಟು ಸಮಯ 99.01 ಸೆಕೆಂಡ್‌ಗೆ ಇಳಿಯುತ್ತದೆ, ಅಷ್ಟೇ. ಅದೇ ಫಂಕ್ಷನ್ 90 ಸೆಕೆಂಡ್ ತಿನ್ನುತ್ತಿದ್ದರೆ ಒಟ್ಟು ಸಮಯ 10.9 ಸೆಕೆಂಡ್‌ಗೆ ಬರುತ್ತದೆ. ಎಲ್ಲಿ ಬರೆಯಬೇಕು ಎಂದು ತಿಳಿದು ಬರೆದರೆ ಮಾತ್ರ ಅಸೆಂಬ್ಲಿಯಿಂದ ಲಾಭ.

ಸಿಕ್ಕ ಕೋಡ್ ನಮ್ಮಲ್ಲಿ ಯಾಕೆ ಓಡುವುದಿಲ್ಲ?

ಕಲಿಯುವವರಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. ‘ಅಸೆಂಬ್ಲಿ’ ಎಂಬ ಒಂದೇ ಭಾಷೆ ಇಲ್ಲ ಎನ್ನುವುದೇ ಉತ್ತರ. ಅಸೆಂಬ್ಲರ್, ಪ್ರೊಸೆಸರ್, ಆಪರೇಟಿಂಗ್ ಸಿಸ್ಟಮ್ ಈ ಮೂರೂ ಹೊಂದಬೇಕು. ಇಲ್ಲವಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಆಗುತ್ತದೆ.

ಮೊದಲನೆಯದು ಅಸೆಂಬ್ಲರ್. ‘ಮೂವ್’ ಆದೇಶದಲ್ಲಿ ಒಂದು ವೇರಿಯಬಲ್‌ನ ಹೆಸರನ್ನು ಹಾಗೆಯೇ ಬರೆದರೆ ಮ್ಯಾಸ್ಮ್ ಅದರ ಒಳಗಿನ ಬೆಲೆಯನ್ನು ತರುತ್ತದೆ. ನ್ಯಾಸ್ಮ್ ಅದರ ವಿಳಾಸವನ್ನು ತರುತ್ತದೆ. ಬೆಲೆ ಬೇಕಾದರೆ ನ್ಯಾಸ್ಮ್‌ನಲ್ಲಿ ಹೆಸರನ್ನು ಚೌಕ ಆವರಣದೊಳಗೆ ಬರೆಯಲೇಬೇಕು. ವೇರಿಯಬಲ್ ಎಷ್ಟು ಬೈಟ್‌ನದು ಎಂಬುದನ್ನೂ ನ್ಯಾಸ್ಮ್ ನೆನಪಿಟ್ಟುಕೊಳ್ಳುವುದಿಲ್ಲ. ಗೊಂದಲ ಬರುವಲ್ಲಿ ‘ಬೈಟ್’, ‘ವರ್ಡ್’ ಎಂದು ನಾವೇ ಹೇಳಬೇಕು. ಇನ್ನು ಗ್ನೂ ಅಸೆಂಬ್ಲರ್‌ನ ರೂಢಿಯ ಬರವಣಿಗೆಯಲ್ಲಿ ಮೂಲ ಮೊದಲು, ಗುರಿ ಆಮೇಲೆ. ನ್ಯಾಸ್ಮ್‌ನಲ್ಲಿ ಇದು ತಿರುವುಮುರುವು.

ಎರಡನೆಯದು ಪ್ರೊಸೆಸರ್. ನ್ಯಾಸ್ಮ್ ಕೆಲಸ ಮಾಡುವುದು ಎಕ್ಸ್86 ಚಿಪ್‌ಗಳಿಗೆ ಮಾತ್ರ. ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್‌ನ ಚಿಪ್ ಬಹುತೇಕ ‘ಆರ್ಮ್’ ಬಗೆಯದು, ಅದರ ಆದೇಶಗಳೇ ಬೇರೆ. ಡೇವಿಡ್ ತಂಡ ಕೂಡ ಎಕ್ಸ್86ಗೆ ನ್ಯಾಸ್ಮ್‌ನಲ್ಲಿ, ಆರ್ಮ್‌ಗೆ ಗ್ನೂ ಶೈಲಿಯಲ್ಲಿ ಎಂದು ಬೇರೆ ಬೇರೆಯಾಗಿಯೇ ಬರೆದಿದೆ.

ಮೂರನೆಯದು ಆಪರೇಟಿಂಗ್ ಸಿಸ್ಟಮ್. 32 ಬಿಟ್ ಲಿನಕ್ಸ್‌ನಲ್ಲಿ ಪರದೆಗೆ ಬರೆಯುವ ಸೇವೆಯ ಸಂಖ್ಯೆ 4, ಪ್ರೋಗ್ರಾಮ್ ಮುಗಿಸುವ ಸೇವೆಯ ಸಂಖ್ಯೆ 1. 64 ಬಿಟ್‌ನಲ್ಲಿ ಬರೆಯುವುದು 1, ಮುಗಿಸುವುದು 60. ಹಳೆಯ ಪಾಠದಿಂದ ಅರ್ಧ, ಹೊಸದರಿಂದ ಅರ್ಧ ತೆಗೆದು, 1 ಎಂಬ ಸಂಖ್ಯೆಯನ್ನು ಹಳೆಯ ವಿಧಾನದಲ್ಲಿ ಕರೆದರೆ ಏನಾಗುತ್ತದೆ? ‘ಬರೆ’ ಎಂದು ನಾವು ಹೇಳಿದ್ದು ಸಿಸ್ಟಮ್‌ಗೆ ‘ಮುಗಿಸು’ ಎಂದು ಕೇಳಿಸುತ್ತದೆ. ಪ್ರೋಗ್ರಾಮ್ ಏನನ್ನೂ ತೋರಿಸದೆ ನಿಂತುಬಿಡುತ್ತದೆ. ಎರರ್ ಕೂಡ ಬರುವುದಿಲ್ಲ, ಯಾಕೆಂದರೆ ವ್ಯಾಕರಣದ ಲೆಕ್ಕದಲ್ಲಿ ಸಾಲು ಸರಿಯಾಗಿಯೇ ಇದೆ.

ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಹಲವು ವರ್ಷ ಮೈಕ್ರೋಪ್ರೊಸೆಸರ್ ಲ್ಯಾಬ್ ನಡೆದದ್ದು 1978ರ 8086 ಚಿಪ್, ಡಾಸ್ ಮತ್ತು ಮ್ಯಾಸ್ಮ್ ಜೊತೆಯಲ್ಲಿ. ಹಿರಿಯರಿಂದ ದಾಟಿ ಬರುವ ಲ್ಯಾಬ್ ಪ್ರೋಗ್ರಾಮ್‌ಗಳು ತಪ್ಪಲ್ಲ, ಆದರೆ ಅವು ಆ ಕೂಟಕ್ಕೆ ಬರೆದವು. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಹಳೆಯ 16 ಬಿಟ್ ಡಾಸ್ ಪ್ರೋಗ್ರಾಮ್ ನೇರವಾಗಿ ಓಡುವುದೇ ಇಲ್ಲ, ‘ಡಾಸ್‌ಬಾಕ್ಸ್’ನಂಥ ಎಮ್ಯುಲೇಟರ್ ಬೇಕು. ಚಾಟ್‌ಬಾಟ್ ಬರೆದುಕೊಟ್ಟ ಕೋಡ್‌ನಲ್ಲೂ ಈ ಬೇರೆ ಬೇರೆ ಶೈಲಿಗಳು ಬೆರೆತಿರಬಹುದು. ನೋಡಿಕೊಂಡು ಬಳಸಿ.

ಕಲಿಯಲು ಏನೇನು ಸಿಗುತ್ತದೆ?

ಮೊದಲು ನ್ಯಾಸ್ಮ್‌ನ ಸ್ವಂತ ಕೈಪಿಡಿ. ಇದು ಉಚಿತ. ಮ್ಯಾಸ್ಮ್ ಬಲ್ಲವರಿಗಾಗಿಯೇ ಅದರಲ್ಲಿ ಒಂದು ಭಾಗವಿದೆ, ಮೇಲೆ ಹೇಳಿದ ವ್ಯತ್ಯಾಸಗಳನ್ನು ಅಲ್ಲಿ ವಿವರವಾಗಿ ಕೊಟ್ಟಿದ್ದಾರೆ.

ಆದರೆ ಕೈಪಿಡಿ ಅಸೆಂಬ್ಲರ್ ಬಗ್ಗೆ ಹೇಳುತ್ತದೆಯೇ ಹೊರತು ಅಸೆಂಬ್ಲಿಯನ್ನು ಮೊದಲಿನಿಂದ ಕಲಿಸುವುದಿಲ್ಲ. ಅದಕ್ಕೆ ಪುಸ್ತಕ ಬೇಕು. ಪಾಲ್ ಕಾರ್ಟರ್ ಅವರ ‘ಪಿಸಿ ಅಸೆಂಬ್ಲಿ ಲ್ಯಾಂಗ್ವೇಜ್’ ಉಚಿತವಾಗಿ ಸಿಗುತ್ತದೆ, ನ್ಯಾಸ್ಮ್ ಬಳಸುತ್ತದೆ, ಆದರೆ 32 ಬಿಟ್‌ನದು. ಜೆಫ್ ಡಂಟೆಮನ್ ಅವರ ಪುಸ್ತಕವನ್ನು ಕೊಳ್ಳಬೇಕು. ಅದರ 2009ರ ಆವೃತ್ತಿ 32 ಬಿಟ್ ಲಿನಕ್ಸ್‌ಗೆ, 2023ರದ್ದು 64 ಬಿಟ್‌ಗೆ. ಹಳೆಯ ಆವೃತ್ತಿಯ ಪಿಡಿಎಫ್ ಯಾರೋ ಕಳಿಸಿದರೆಂದು ಅದನ್ನೇ ಹಿಡಿದು 64 ಬಿಟ್ ಕಲಿಯಲು ಕೂತರೆ ದಾರಿ ತಪ್ಪುವುದು ಖಂಡಿತ. ಸಿ ಗೊತ್ತಿರುವವರಿಗೆ ಎಫ್‌ಎಫ್‌ಎಂಪೆಗ್ ತಂಡವೇ ಬರೆದ ಉಚಿತ ಅಸೆಂಬ್ಲಿ ಪಾಠಗಳಿವೆ. ನೂರು ಪಟ್ಟು ವೇಗದ ಹಿಂದಿನ ತಂತ್ರವನ್ನು ಅವು ಮೂಲದಿಂದ ಹೇಳಿಕೊಡುತ್ತವೆ.

ಒಂದೊಂದು ಆದೇಶ ನಿಖರವಾಗಿ ಏನು ಮಾಡುತ್ತದೆ ಎಂದು ತಿಳಿಯಲು ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಕೈಪಿಡಿಗಳೇ ಕೊನೆಯ ಮಾತು. ಅವೂ ಉಚಿತ. ಸಾವಿರಾರು ಪುಟಗಳಿವೆ, ಓದಿ ಮುಗಿಸಲು ಹೋಗಬೇಡಿ. ನಿಘಂಟಿನ ಹಾಗೆ ಬೇಕಾದ ಪದ ಬಂದಾಗ ತೆರೆದು ನೋಡಿ. ವೇಗದ ವಿಚಾರಕ್ಕೆ ಡೆನ್ಮಾರ್ಕ್‌ನ ಆಗ್ನರ್ ಫೋಗ್ ಅವರ ಉಚಿತ ಕೈಪಿಡಿಗಳನ್ನು ಈ ಕ್ಷೇತ್ರದವರೆಲ್ಲ ಬಳಸುತ್ತಾರೆ.

ಮೊಬೈಲ್‌ನಲ್ಲೇ ಕಲಿಯಬಹುದೇ?

ಅರ್ಧ ಮಾತ್ರ. ‘ಕಂಪೈಲರ್ ಎಕ್ಸ್‌ಪ್ಲೋರರ್’ ಎಂಬ ಉಚಿತ ಸಾಧನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಸಿಯಲ್ಲಿ ನಾಲ್ಕು ಸಾಲು ಬರೆದರೆ ಕಂಪೈಲರ್ ಅದನ್ನು ಯಾವ ಅಸೆಂಬ್ಲಿಗೆ ತಿರುಗಿಸಿತು ಎಂದು ಪಕ್ಕದಲ್ಲೇ ತೋರಿಸುತ್ತದೆ. ಬಸ್ಸಿನಲ್ಲಿ ಕೂತೂ ನೋಡಬಹುದು. ಆದರೆ ನ್ಯಾಸ್ಮ್ ತಯಾರಿಸಿದ ಪ್ರೋಗ್ರಾಮ್ ಆರ್ಮ್ ಫೋನ್‌ನಲ್ಲಿ ನೇರವಾಗಿ ಓಡುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪ್ ಅಥವಾ ಪಿಸಿ ಬೇಕು. ಇಂಟೆಲ್ ಅಥವಾ ಎಎಂಡಿ ಚಿಪ್ ಇರುವ ಹಳೆಯ 64 ಬಿಟ್ ಯಂತ್ರವಾದರೂ ಸಾಕು.

ಸಹಾಯ ಕೇಳುವಾಗ ಏನು ಹೇಳಬೇಕು?

‘ಕೋಡ್ ವರ್ಕ್ ಆಗ್ತಿಲ್ಲ, ಹೆಲ್ಪ್ ಮಾಡಿ’ ಎಂದು ಪರದೆಯ ಫೋಟೋ ಕಳಿಸಿದರೆ ಬಲ್ಲವರೂ ಸುಮ್ಮನಾಗುತ್ತಾರೆ. ಇವಿಷ್ಟನ್ನು ಹೇಳಿ:

• ಆಪರೇಟಿಂಗ್ ಸಿಸ್ಟಮ್ ಯಾವುದು, 32 ಬಿಟ್ಟೋ 64 ಬಿಟ್ಟೋ
• ನ್ಯಾಸ್ಮ್‌ನ ಯಾವ ಆವೃತ್ತಿ
• ಅಸೆಂಬಲ್ ಮತ್ತು ಲಿಂಕ್ ಮಾಡಲು ಕೊಟ್ಟ ಪೂರ್ತಿ ಕಮ್ಯಾಂಡ್
• ಬಂದ ಎರರ್, ಫೋಟೋ ಅಲ್ಲ, ಅಕ್ಷರದಲ್ಲಿ
• ತೊಂದರೆ ತೋರಿಸುವ ಅತಿ ಚಿಕ್ಕ ಕೋಡ್

ಎರರ್ ಬರದೆ ಉತ್ತರ ಮಾತ್ರ ತಪ್ಪಾಗಿದ್ದರೆ ಜಿಡಿಬಿ ಎಂಬ ಉಚಿತ ಡಿಬಗರ್‌ನಲ್ಲಿ ಒಂದೊಂದೇ ಸಾಲು ಓಡಿಸಿ ರಿಜಿಸ್ಟರ್‌ಗಳನ್ನು ನೋಡಿ. ಬಹಳಷ್ಟು ಸಲ ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ನಮಗೇ ಹೊಳೆದಿರುತ್ತದೆ.

ಈ ನೆರವು ಶಾಶ್ವತವೇ?

ಹಾಗೇನೂ ಇಲ್ಲ. ಪ್ರೊಸೆಸರ್ ಕಂಪನಿಗಳು ಹೊಸ ಆದೇಶಗಳನ್ನು ಸೇರಿಸುತ್ತಲೇ ಇರುತ್ತವೆ. ಅಸೆಂಬ್ಲರ್‌ಗೆ ಅವನ್ನು ಯಾರಾದರೂ ಕಲಿಸುತ್ತಲೇ ಇರಬೇಕು. ನ್ಯಾಸ್ಮ್ ಒಮ್ಮೆ ಹಿಂದೆ ಬಿದ್ದಿದ್ದಾಗ ಅದನ್ನೇ ಮೊದಲಿನಿಂದ ಮರುಬರೆದ ‘ಯಾಸ್ಮ್’ ಜನಪ್ರಿಯವಾಗಿತ್ತು. 2014ರಲ್ಲಿ ಬಂದ 1.3.0 ಆವೃತ್ತಿಯ ನಂತರ ಯಾಸ್ಮ್ ಸೊರಗಿತು. ಎವಿಎಕ್ಸ್-512 ಬೇಕಾದಾಗ ‘ಎಕ್ಸ್264’ ಎಂಬ ವಿಡಿಯೋ ಸಾಫ್ಟ್‌ವೇರ್ ತಂಡ 2017ರಲ್ಲಿ ನ್ಯಾಸ್ಮ್‌ಗೆ ಮರಳಿತು. ಸಾಧನ ಉಚಿತವಾಗಿದ್ದರೆ ಸಾಲದು, ಅದನ್ನು ನೋಡಿಕೊಳ್ಳುವ ಜನ ಇರಬೇಕು. ಆ ಜನ ಬರುವುದು ಇಂದು ಕಲಿಯುತ್ತಿರುವವರ ನಡುವಿನಿಂದಲೇ.

ಒಟ್ಟಿನಲ್ಲಿ, ಅಸೆಂಬ್ಲಿ ಸತ್ತಿಲ್ಲ, ಅದು ಮಂತ್ರದಂಡವೂ ಅಲ್ಲ. ಮುಂದಿನ ಸಲ ‘ಅಸೆಂಬ್ಲಿ ಕೋಡ್, ಎಲ್ಲರಿಗೂ ಉಪಯೋಗವಾಗುತ್ತೆ, ಶೇರ್ ಮಾಡಿ’ ಎಂಬ ಫೈಲ್ ಬಂದರೆ ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಅಸೆಂಬ್ಲರ್? ಯಾವ ಪ್ರೊಸೆಸರ್? ಯಾವ ಆಪರೇಟಿಂಗ್ ಸಿಸ್ಟಮ್? ಉತ್ತರವನ್ನೂ ಜೊತೆಗೆ ಬರೆದು ಕಳಿಸಿ. ಆಗ ಅದನ್ನು ತೆರೆಯುವ ವಿದ್ಯಾರ್ಥಿಗೆ ಎರಡು ದಿನದ ಪರದಾಟ ಉಳಿಯುತ್ತದೆ.